ಅಜ್ಜಿ ಹತ್ತಿರ ಇರುವ ಇಬ್ಬರು ಮಕ್ಕಳನ್ನು ಓದಿಸಬೇಕು, ಹೇಗೆ?

ಹೊಲಿಗೆ ಅಂಗಡಿ, ದಾವಣಗೆರೆ:
ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಹಿಂದಿನ ಬೀದಿಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಹುಡುಗ ಐದನೇ ಕ್ಲಾಸು, ತಂಗಿ ಎರಡನೇ ಕ್ಲಾಸು. ಅಪ್ಪ ಮೊದಲೇ ತೀರಿಕೊಂಡಿದ್ದರು. ಹೋದ ವರ್ಷ ಅಮ್ಮನೂ ಹೋದರು. ಈಗ ಭಟ್ಟಿಯಲ್ಲಿ ಕೂಲಿ ಮಾಡುವ ಅಜ್ಜಿಯೇ ಅವರಿಗೆ ಎಲ್ಲ.

ಸರ್ಕಾರಿ ಶಾಲೆ, ಫೀಸಿನ ಚಿಂತೆ ಇಲ್ಲ. ಪುಸ್ತಕ, ಯೂನಿಫಾರ್ಮ್, ಮಧ್ಯಾಹ್ನ ಬಿಸಿಯೂಟ ಸಿಗುತ್ತದೆ. ಕಷ್ಟ ಇರುವುದು ರಾತ್ರಿ ಊಟಕ್ಕೆ, ಬಾಡಿಗೆಗೆ, ಜ್ವರ ಬಂದರೆ ಔಷಧಿಗೆ. ಅಜ್ಜಿಗೆ ಹುಷಾರಿಲ್ಲದ ದಿನ ಹುಡುಗ ಶಾಲೆ ಬಿಟ್ಟು ಭಟ್ಟಿಗೆ ಹೋಗುತ್ತಾನೆ. ಮೊನ್ನೆ ತಂಗಿಯ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಸಲು ಬಂದಿದ್ದ. ಅಂಗೈಯಲ್ಲಿ ಬೊಬ್ಬೆ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತಿಂಗಳಿಗೆ 1,500 ರೂಪಾಯಿ ಕೊಡಬಲ್ಲೆ, ಅದಕ್ಕಿಂತ ಜಾಸ್ತಿ ಆಗಲ್ಲ. ಎಲ್ಲರೂ ಆಶ್ರಮಕ್ಕೆ ಸೇರಿಸಿಬಿಡಿ ಅಂತಾರೆ. ಆ ಮಾತು ಕೇಳಿದರೆ ಅಜ್ಜಿ ಅಳುತ್ತಾರೆ. ಏನು ಮಾಡಲಿ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ಆಶ್ರಮದ ಮಾತು ಬಿಡಿ ತಾಯಿ. 2015ರ ಬಾಲನ್ಯಾಯ ಕಾಯ್ದೆಯೇ ಅದು ಕಡೇ ದಾರಿ ಅನ್ನುತ್ತದೆ. ಮಕ್ಕಳಿಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಇದೆ. ಅಪ್ಪ ಅಮ್ಮ ಇಲ್ಲದೆ ಬಂಧುಗಳ ಮನೆಯಲ್ಲಿರುವ ಒಂದೊಂದು ಮಗುವಿಗೂ ತಿಂಗಳಿಗೆ 4,000 ರೂಪಾಯಿ. 18 ತುಂಬುವವರೆಗೂ ಕೊಡಬಹುದು. ಮನೆಯ ಆದಾಯ ವರ್ಷಕ್ಕೆ ಪಟ್ಟಣದಲ್ಲಿ 96,000, ಹಳ್ಳಿಯಲ್ಲಿ 72,000 ರೂಪಾಯಿ ದಾಟಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಪ್ಪ ಅಮ್ಮ ಇಬ್ಬರ ಮರಣ ಪತ್ರ, ಆದಾಯ ಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ ಜೊತೆಗಿಟ್ಟುಕೊಳ್ಳಿ. ಹುಡುಗ ಶಾಲೆ ತಪ್ಪಿಸಬಾರದು, ಹಣ ನಿಂತುಹೋಗಬಹುದು. ಹದಿನಾಲ್ಕು ತುಂಬದವನನ್ನು ಕೆಲಸಕ್ಕಿಟ್ಟುಕೊಳ್ಳುವುದೂ ಅಪರಾಧ, ಭಟ್ಟಿಯವರಿಗೆ ಇದನ್ನು ಹೇಳಿ.

ಚಳ್ಳಕೆರೆಯವನು:
ಅಕ್ಕಾ, ನನ್ನನ್ನೂ ಒಬ್ಬರು ಓದಿಸಿದರು. ಪ್ರತಿ ವರ್ಷ ವೇದಿಕೆಗೆ ಕರೆದು ನೋಟ್‌ಬುಕ್ ಕೊಟ್ಟು ಫೋಟೋ ತೆಗೆಸುತ್ತಿದ್ದರು. ಮಾರನೇ ದಿನ ಕ್ಲಾಸಿಗೆ ಹೋಗಲು ನಾಚಿಕೆ. ನೀವು ದಯವಿಟ್ಟು ಹಾಗೆ ಮಾಡಬೇಡಿ. ಶಾಲೆಯಲ್ಲಿ ಪೋಷಕರ ಸಭೆ ಕರೆದಾಗ ಅಜ್ಜಿ ಪಕ್ಕ ಹೋಗಿ ಕೂತುಕೊಳ್ಳಿ, ಸಾಕು. ನನ್ನ ಪಾಲಿಗೆ ಅಲ್ಲಿ ಯಾರೂ ಬರುತ್ತಿರಲಿಲ್ಲ.

ಇನ್ನೊಂದು ಮಾತು. ಹುಡುಗ ಐದನೇ ಕ್ಲಾಸು ಅಲ್ವಾ? ಆರಕ್ಕೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಯಬಹುದು. ಊಟ, ವಸತಿ ಎಲ್ಲ ಅಲ್ಲೇ. ಆದರೆ ತಂಗಿಯನ್ನು ಬಿಟ್ಟು ಇರ್ತಾನಾ ಅಂತ ಮೊದಲು ಅವನನ್ನೇ ಕೇಳಿ.

ಹೊಲಿಗೆ ಅಂಗಡಿ, ದಾವಣಗೆರೆ:
ನಿನ್ನೆ ಅಂಗಡಿ ಮುಚ್ಚಿ ಅಜ್ಜಿ ಜೊತೆ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿದ್ದೆ. ಅಪ್ಪನ ಮರಣ ಪತ್ರವನ್ನೇ ಯಾರೂ ಮಾಡಿಸಿಲ್ಲ. ಈಗ ಅದಕ್ಕೆ ಓಡಾಡುತ್ತಿದ್ದೇವೆ. ಅಲ್ಲಿಯವರೆಗೆ ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಬೇಳೆ ನನ್ನ ಲೆಕ್ಕಕ್ಕೆ ಬರೆಸಿದ್ದೇನೆ. ವಸತಿ ಶಾಲೆ ಬಗ್ಗೆ ಹುಡುಗನನ್ನು ಕೇಳಿದೆ. ತಂಗಿಗೆ ಜಡೆ ಹಾಕೋರು ಯಾರು ಅಂದ. ನಾನು ಹಾಕ್ತೀನಿ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾನೆ.