ಕತ್ತೆ ಒಂದೋ, ಎರಡೋ?

ಯೇಸು ಕತ್ತೆ ಏರಿ ಯೆರೂಸಲೇಮಿಗೆ ಬಂದ ನೆನಪಿನ ಗರಿಗಳ ಭಾನುವಾರ. ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಫೋನು ಗುಂಯ್‌ಗುಟ್ಟಿತು. ನಮ್ಮ ಬೆಟಗೇರಿ ಬಳಗದ ಗುಂಪಿಗೆ ದೊಡ್ಡತ್ತೆ ಒಂದು ಚಿತ್ರ ಹಾಕಿದ್ದರು. ಕತ್ತೆಯ ಮೇಲೆ ಯೇಸು, ಗರಿ ಹಿಡಿದ ಜನ, ಕೆಳಗೆ ಹಳದಿ ಅಕ್ಷರ. ಬರಲಿರುವ ರಕ್ಷಕ ಮೆಸ್ಸೀಯನ ಬಗ್ಗೆ ಬೈಬಲಿನ ಹಳೆ ಒಡಂಬಡಿಕೆಯಲ್ಲಿರುವ 300 ಪ್ರವಾದನೆಗಳೂ, ಅಂದರೆ ಮುನ್ನುಡಿದ ಮಾತುಗಳೂ, ಯೇಸುವಿನಲ್ಲಿ ನೆರವೇರಿವೆಯಂತೆ. ಅದರಲ್ಲಿ ಬರೀ ಎಂಟು ಒಬ್ಬನಲ್ಲೇ ಕೂಡಿಬರುವ ಸಾಧ್ಯತೆ, 1ರ ಮುಂದೆ 17 ಸೊನ್ನೆ ಇಟ್ಟರೆ ಎಷ್ಟೋ ಅಷ್ಟರಲ್ಲಿ ಒಂದಂತೆ.

'ಇಷ್ಟಾದರೂ ನಂಬದವರಿಗೆ ಏನು ಹೇಳೋಣ?' ಎಂದು ಅತ್ತೆ ಸೇರಿಸಿದ್ದರು. ಅದು ಯೇಸುವನ್ನು ಮೆಸ್ಸೀಯನೆಂದು ಒಪ್ಪದ ಯೆಹೂದ್ಯರಿಗೆ ಹೇಳಿದ್ದಲ್ಲ. ಚರ್ಚಿಗೆ ಬರುವುದು ಬಿಟ್ಟಿರುವ ಮಗನಿಗೆ.

ಮಗ ಬೆಂಗಳೂರಿನಿಂದ ಎರಡೇ ನಿಮಿಷದಲ್ಲಿ ಬಂದ. 'ಲೆಕ್ಕ ಯಾರು ಹಾಕಿದ್ದು? ಮೂಲ ಕಳಿಸಿ.'

ಅದು ನನಗೆ ಗೊತ್ತಿತ್ತು, ಬರೆದೆ. ಪೀಟರ್ ಸ್ಟೋನರ್ ಅಂತ ಅಮೆರಿಕದ ಗಣಿತ ಮೇಷ್ಟ್ರು. ವಿದ್ಯಾರ್ಥಿಗಳಿಂದ ಒಂದೊಂದು ಪ್ರವಾದನೆಗೂ ಅಂದಾಜು ಹಾಕಿಸಿ ಗುಣಿಸಿದರು. ಅಂದಾಜನ್ನು ಅಂದಾಜಿನಿಂದ ಗುಣಿಸಿದರೆ ಸೊನ್ನೆ ಜಾಸ್ತಿಯಾಗುತ್ತದೆ, ಅಷ್ಟೇ. ಇದಕ್ಕೆ ಒಂದು ಹೆಬ್ಬೆಟ್ಟು ಬಂತು. ಯಾರದು ಅಂತ ಹೇಳಬೇಕಾಗಿಲ್ಲ ಅಲ್ವಾ?

ಅವನಿಗೆ ಹುರುಪು ಬಂತು. 'ಕನ್ಯೆ ಮಗನನ್ನು ಹೆರುವಳು ಎನ್ನುವ ಯೆಶಾಯ 7:14ರ ಮೂಲ ಹೀಬ್ರೂನಲ್ಲಿ ಇರುವುದು ಅಲ್ಮಾ. ಅಂದರೆ ಹರೆಯದ ಹೆಣ್ಣು. ಗ್ರೀಕ್ ಅನುವಾದದಲ್ಲಿ ಅದು ಪಾರ್ಥೆನೋಸ್ ಆಗಿ, ಮತ್ತಾಯನ ಸುವಾರ್ತೆಯಲ್ಲಿ ಕನ್ಯೆ ಆಯಿತು. ಆ ಮಾತು ಹೇಳಿದ್ದೇ ಆಹಾಜ ಅರಸನಿಗೆ, ಅವತ್ತಿನ ಯುದ್ಧದ ಬಗ್ಗೆ.'

ದೊಡ್ಡಪ್ಪ ಊಟ ಬಿಟ್ಟು ಎದ್ದಿರಬೇಕು. 'ಗ್ರೀಕಿಗೆ ತಿರುಗಿಸಿದವರೂ ಯೆಹೂದ್ಯರೇ. ಅದೂ ಯೇಸು ಹುಟ್ಟುವ ಮೊದಲೇ. ಅವರಿಗೆ ಆ ಪದ ಯಾಕೆ ಹೊಳೆಯಿತು?' ಒಳ್ಳೆ ಪ್ರಶ್ನೆ. ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿರುತ್ತಿದ್ದರು. 'ಬೆಂಗಳೂರು ಸೇರಿದ ಮೇಲೆ ಹಿರಿಯರು ಹಗುರವಾದರು' ಎಂದು ಇನ್ನೊಂದು ಸಾಲು ಹಾಕಿದರು. ಅವನು ಪದವನ್ನು ಬಿಟ್ಟು ಆ ಸಾಲನ್ನು ಹಿಡಿದುಕೊಂಡ. ಅಜ್ಜಿಯ ಮನೆ ಮಾರಿದ ವಿಷಯದ ತನಕ ಹೋಯಿತು.

ನಾನು ಅನ್ನ ಆರಲು ಬಿಟ್ಟು ಉದ್ದಕ್ಕೆ ಬರೆದೆ. ಮೆಸ್ಸೀಯ ಅಂದರೆ ಎಣ್ಣೆ ಹೊಯ್ದು ಅಭಿಷೇಕ ಮಾಡಿದವನು. ಯೆಶಾಯ 45ರಲ್ಲಿ ಪರ್ಷಿಯದ ಅರಸ ಕೋರೆಷನಿಗೂ ಅದೇ ಹೆಸರು. ಕ್ರಿ.ಪೂ. 63ರಲ್ಲಿ ರೋಮಿನ ಪಾಂಪೆ ಯೆರೂಸಲೇಮನ್ನು ಹಿಡಿದ ಮೇಲೆ, ಪರಕೀಯರನ್ನು ಓಡಿಸುವ, ದಾವೀದ ಅರಸನ ಕುಲದ ಮಗನಿಗಾಗಿ ಯೆಹೂದ್ಯರು ಕೀರ್ತನೆ ಕಟ್ಟಿದರು. ಮೃತ ಸಮುದ್ರದ ದಡದ ಕುಮ್ರಾನಿನಲ್ಲಿ ಸಿಕ್ಕ ಹಳೆ ಯೆಹೂದ್ಯ ಸುರುಳಿಗಳಲ್ಲಿ ಇಬ್ಬರು ಮೆಸ್ಸೀಯರು ಬರಬೇಕು, ಒಬ್ಬ ಯಾಜಕ, ಒಬ್ಬ ಅರಸ. ಶಿಲುಬೆಯ ಮೇಲೆ ಸಾಯುವ ಮೆಸ್ಸೀಯನನ್ನು ಶಿಷ್ಯರೇ ಎಣಿಸಿರಲಿಲ್ಲ. ಯೇಸು ಸತ್ತ ಮೇಲೆ ಎಮ್ಮಾಹು ಎಂಬ ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರು ಅದನ್ನೇ ಹೇಳಿಕೊಂಡು ಅಳುಮೋರೆ ಹಾಕಿದ್ದು. ಯೇಸು ಸಾವಿನಿಂದ ಎದ್ದ ಅಂತ ನಂಬಿದ ಮೇಲೆ ಅವರು ಹಳೆ ಗ್ರಂಥ ಬಿಚ್ಚಿ ಮತ್ತೆ ಓದಿದರು. ಯೆಹೂದ್ಯರ ಪ್ರಶ್ನೆ ಬೇರೆ: ಮೆಸ್ಸೀಯ ಬಂದಿದ್ದರೆ ಕತ್ತಿ ನೇಗಿಲಾಯಿತಾ, ಯುದ್ಧ ನಿಂತಿತಾ? ಯೆಹೂದ್ಯ ಗುರು ರಬ್ಬಿ ಅಕಿವ ಮೆಸ್ಸೀಯನೆಂದು ಕೊಂಡಾಡಿದ ದಂಗೆಯ ನಾಯಕ ಬಾರ್ ಕೊಖ್ಬ ಕ್ರಿ.ಶ. 135ರಲ್ಲಿ ರೋಮಿನ ಎದುರು ಸೋತು ಸತ್ತ. ಅವನನ್ನೂ ಕೈಬಿಟ್ಟರು. 1263ರಲ್ಲಿ ಬಾರ್ಸಿಲೋನದಲ್ಲಿ ಅರಸನ ಮುಂದೆ ನಡೆದ ವಾದದಲ್ಲಿ ರಬ್ಬಿ ನಹ್ಮನಿದಿಸ್ ಹಿಡಿದದ್ದೂ ಇದನ್ನೇ, ಲೋಕದಲ್ಲಿ ಹಿಂಸೆ ನಿಂತಿಲ್ಲವಲ್ಲ ಅಂತ.

ಹನ್ನೊಂದು ಜನ ಓದಿದ್ದರು. ನೀಲಿ ಗೆರೆ ಬಂದಿತ್ತು. ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಆಮೇಲೆ ದುಬೈ ಅಣ್ಣ ಬಂದ. 'ಕತ್ತೆ ನೋಡಿ ನಮ್ಮ ಸಂಡೇ ಸ್ಕೂಲ್ ನಾಟಕ ನೆನಪಾಯಿತು. ತಾಯಿ ಕತ್ತೆ ನಾನು. ಮರಿ ಕತ್ತೆ ನಮ್ಮ ಬೆಂಗಳೂರು ಸಾಹೇಬರು.' ನಗುವ ಮುಖಗಳು ಸಾಲುಗಟ್ಟಿದವು.

ನನಗೆ ಸಂದು ಸಿಕ್ಕಿತು. ಅರಸ ಕತ್ತೆ ಏರಿ ಬರುತ್ತಾನೆ ಎನ್ನುವ ಪ್ರವಾದನೆ ಇರುವ ಜೆಕರ್ಯ 9:9ರಲ್ಲಿ ಒಂದೇ ಕತ್ತೆಯನ್ನು ಎರಡು ಸಲ ಹೇಳಿದೆ, ನಮ್ಮ ಬೀಸುವ ಪದದಲ್ಲಿ ಒಂದು ಮಾತನ್ನೇ ತಿರುಗಿಸಿ ಹಾಡುವ ಹಾಗೆ. ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳಲ್ಲಿ ಇರುವುದೂ ಒಂದೇ. ಮತ್ತಾಯ ಮಾತ್ರ ಎರಡು ತರಿಸುತ್ತಾನೆ. ಪ್ರವಾದನೆ ಅಕ್ಷರಕ್ಕೆ ಅಕ್ಷರ ಕೂಡಿಬರಲಿ ಅಂತ ಇರಬೇಕು.

'ಮತ್ತಾಯ ಬರೆದದ್ದು ಸರಿ. ಅದಕ್ಕೇ ನಾನು ನಾಟಕದಲ್ಲಿ ಎರಡು ಇಟ್ಟಿದ್ದೆ' ಎಂದರು ದೊಡ್ಡಪ್ಪ. ನಿರ್ದೇಶಕರು ಅವರೇ.

'ಕತ್ತೆಗೆ ಹೊದಿಸಿದ ಕಂಬಳಿ ನಮ್ಮ ಮನೆಯದು' ಎಂದು ಚಿಕ್ಕಮ್ಮ ಬರೆದರು. 'ಇನ್ನೂ ವಾಪಸ್ ಬಂದಿಲ್ಲ.' ಒಂದು ಗಂಟೆ ಕಂಬಳಿಯದೇ ಮಾತು. ದೊಡ್ಡತ್ತೆ ಎರಡು ಸಲ ಗುಂಪು ಬಿಟ್ಟುಹೋದರು. ಎರಡು ಸಲವೂ ನಾನೇ ಸೇರಿಸಿದೆ.

ಸಂಜೆ ದುಬೈ ಅಣ್ಣ ಹಳೆ ಆಲ್ಬಮ್ಮಿನ ಫೋಟೋ ಹಾಕಿದ. ಕಪ್ಪು ಕಂಬಳಿ, ರಟ್ಟಿನ ಕಿವಿ, ಕೆಳಗೆ ಅವನ ಹವಾಯಿ ಚಪ್ಪಲಿ. ಕತ್ತೆ ಒಂದೇ.

'ನಾನೆಲ್ಲಿ?' ಎಂದು ಬೆಂಗಳೂರಿನವನು ಕೇಳಿದ.

'ನೀನು ಫೋಟೋದಿಂದ ಆಚೆ ಇದ್ದೀ' ಎಂದು ದೊಡ್ಡಪ್ಪ ಬರೆದರು. 'ನಾನು ಕಣ್ಣಾರೆ ಕಂಡಿದ್ದೇನೆ.'