ಮಾರ್ಕ್ 3 ಅಂಬಾಸಿಡರ್: ಎರಡು ಸಲ ತುಳಿದ್ರೆ ಮಾತ್ರ ಬ್ರೇಕ್! ಡಿಸ್ಕ್ ಹಾಕಿಸ್ಲಾ?

ಬೆಣ್ಣೆನಗರಿ ಅಂಬಿ:
ನಮ್ಮ ದೊಡ್ಡಪ್ಪನ ಕಾಲದ 1977ರ ಗಾಡಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ತುಳಿತಕ್ಕೆ ಬಲ ಕೂಡಿಸೋ ಬೂಸ್ಟರ್ ಇಲ್ಲ. ದಾವಣಗೆರೆ ಊರೊಳಗೆ ಹೆಂಗೋ ನಡೀತದೆ. ಮೊನ್ನೆ ಚಿತ್ರದುರ್ಗದ ಜೋಗಿಮಟ್ಟಿ ಇಳಿಯುವಾಗ ಮೊದಲ ತುಳಿತಕ್ಕೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತು, ಇನ್ನೊಮ್ಮೆ ತುಳಿದ್ರೆ ಮೇಲೇ ಹಿಡೀತು. ನೆಲದ ಮೇಲೆ ಒಂದು ಹನಿ ಸೋರಿಲ್ಲ. ಗ್ಯಾರೇಜಲ್ಲಿ "ಮುಂದಕ್ಕೆ ಡಿಸ್ಕ್ ಹಾಕ್ಸಿ ಬಿಡಿ" ಅಂತಾರೆ, ಮನೇಲಿ "ಮಾರಿ ಬಿಡು" ಅಂತಾರೆ. ಎರಡನೇದು ಆಗೋ ಮಾತಲ್ಲ. ಮೊದಲನೇದು?

ಹಳೇ ಸ್ಪ್ಯಾನರ್:
ತಮ್ಮಾ, ಡಿಸ್ಕ್ ಮಾತು ಆಮೇಲೆ. ಎರಡನೇ ತುಳಿತಕ್ಕೆ ಪೆಡಲ್ ಮೇಲೆ ಬಂದು ಗಟ್ಟಿ ನಿಂತ್ರೆ ಶೂ (ಡ್ರಮ್ಮಿಗೆ ಒಳಗಿಂದ ಒತ್ತೋ ಪಟ್ಟಿ) ಡ್ರಮ್ಮಿಂದ ದೂರ ಇದೆ, ಅಡ್ಜಸ್ಟ್ ಮಾಡ್ಸು. ಮೆತ್ತಗೆ ಸ್ಪಂಜಿನ ಹಂಗಿದ್ರೆ ಆಯಿಲ್ ಲೈನಲ್ಲಿ ಗಾಳಿ. ಒತ್ತಿ ಹಿಡಿದಾಗ ನಿಧಾನಕ್ಕೆ ಇಳೀತಾ ಹೋದ್ರೆ ಪೆಡಲ್ ತುಳಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಹೋಗಿರತ್ತೆ. ಗಾಡಿ ನಿಲ್ಲಿಸ್ಕೊಂಡೇ ನೋಡು, ಕಾಸು ಖರ್ಚಿಲ್ಲ.

ಆಮೇಲೆ ನಾಲ್ಕೂ ಡ್ರಮ್ ಬಿಚ್ಚಿಸಿ ಶೂ ತಳ್ಳೋ ವೀಲ್ ಸಿಲಿಂಡರಿನ ರಬ್ಬರ್ ಬೂಟ್ (ಮುಚ್ಚಳ) ಎತ್ತಿ ನೋಡು. ಸೋರಿದ್ದು ಅಲ್ಲೇ ಕೂತಿರಬಹುದು. ಕಪ್ ತೊಳೆಯೋಕೆ ಪೆಟ್ರೋಲ್, ಡೀಸೆಲ್ ಹತ್ರ ಬರಬಾರದು, ರಬ್ಬರ್ ಉಬ್ಬಿ ಹೋಗತ್ತೆ. ಬ್ರೇಕ್ ಆಯಿಲ್ಲಲ್ಲೇ ತೊಳೀಲಿ. ಶೂ ಮೇಲಿನ ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರಬಹುದು, ಗಾಳಿ ಹೊಡೆದು ಧೂಳು ಎಬ್ಬಿಸ್ಬೇಡ, ಒದ್ದೆ ಬಟ್ಟೇಲಿ ಒರೆಸು.

ದುರ್ಗದ ಡ್ರೈವರ್:
ಇಳಿಯುವಾಗ ಯಾವ ಗೇರು ಸಾರ್? ಹತ್ತಿದ ಗೇರಲ್ಲೇ ಇಳೀಬೇಕು. ಆಯಿಲ್ ಬದಲಿಸಿ ಎಷ್ಟು ವರ್ಷ ಆಯ್ತು ಅಂತಾನೂ ನೋಡಿ, ಅದು ಗಾಳಿಯಿಂದ ನೀರು ಎಳ್ಕೊಳ್ತದೆ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕುದಿಯೋದು 230 ಡಿಗ್ರಿ ದಾಟಿದ ಮೇಲೆ. ನೀರು ಸೇರಿದ್ರೆ 155ರ ಹತ್ರಕ್ಕೇ ಇಳಿಯಬಹುದು, ಕುದಿದ್ರೆ ಆವಿ ತುಂಬಿ ಪೆಡಲ್ ಕೆಳಗೆ ಹೋಗ್ತದೆ.

ಹಳೇ ಸ್ಪ್ಯಾನರ್:
ಸರಿಯಾಗಿ ಹೇಳಿದ್ರು. ಇನ್ನು ಡಿಸ್ಕ್. ಡ್ರಮ್ಮಲ್ಲಿ ಶೂ ತಾನೇ ಒಳಕ್ಕೆ ಎಳ್ಕೊಂಡು ಹಿಡಿಯತ್ತೆ, ಡಿಸ್ಕಿಗೆ ಆ ಗುಣ ಇಲ್ಲ. ಬೂಸ್ಟರ್ ಇಲ್ದೆ ಹಾಕಿದ್ರೆ ಕಾಲು ಸೋಲತ್ತೆ. ಡ್ರಮ್ಮಿನ ಮಾಸ್ಟರ್ ಸಿಲಿಂಡರಲ್ಲಿ ಲೈನಿನ ಒತ್ತಡ ಒಂಚೂರು ಉಳಿಸೋ ವಾಲ್ವ್ ಇದ್ರೆ, ಅದನ್ನ ಹಂಗೇ ಬಿಟ್ರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರತ್ತೆ. ದುಡ್ಡಿದ್ರೆ ಮೊದಲು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಕೂರಿಸು. ಒಂದೇ ಸರ್ಕ್ಯೂಟಲ್ಲಿ ಒಂದು ಹೋಸ್ ಒಡೆದ್ರೆ ನಾಲ್ಕೂ ಚಕ್ರ ಹೋದವು.

ಬೆಣ್ಣೆನಗರಿ ಅಂಬಿ:
ಹಿಂದಿನ ಎಡ ಬೂಟ್ ಎತ್ತಿದ್ರೆ ಒಳಗೆಲ್ಲ ಆಯಿಲ್ ಅಣ್ಣಾ! ಲೈನಿಂಗೂ ನೆಂದಿದೆ. ಒಣಗಿಸಿ ಹಾಕ್ಬಹುದಾ?

ಹಳೇ ಸ್ಪ್ಯಾನರ್:
ಬೇಡ, ಆ ಲೈನಿಂಗ್ ಎಸೆದುಬಿಡು. ಬಲಗಡೇದನ್ನೂ ಜೊತೆಗೇ ಬದಲಿಸು, ಇಲ್ಲಾಂದ್ರೆ ಬ್ರೇಕ್ ಹೊಡೆದಾಗ ಗಾಡಿ ಒಂದ್ಕಡೆ ಎಳೆಯತ್ತೆ.