ಕೃಷಿ ಹೊಂಡವಿರುವ ಹೊಲದಲ್ಲಿ ಚಿಕ್ಕ ಮಕ್ಕಳು: ಯಾವ ಎಚ್ಚರ ಬೇಕು?

ಪ್ರಶ್ನೆ (ಗದಗ ಸೀಮೆಯ ಸೊಸೆ):
ನಮ್ಮ ಮಾವನವರು ಮಳೆನೀರು ಸಂಗ್ರಹಿಸಲು ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿಸಿದ ಹೊಂಡವು ಹೊಲದ ಮನೆಯಿಂದ ಕೂಗಳತೆಯಲ್ಲಿದೆ. ಸುಮಾರು 10 ಅಡಿ ಆಳವಿದ್ದು, ಒಳಗೆ ಕಪ್ಪು ಪಾಲಿಥಿನ್ ಹಾಳೆ ಹಾಸಲಾಗಿದೆ. ಸುತ್ತಲಿನ ಮುಳ್ಳುಬೇಲಿ ಅಲ್ಲಲ್ಲಿ ಬಿದ್ದುಹೋಗಿದೆ. ನನಗೆ ಎರಡು ವರ್ಷದ ಮಗಳು, ಆರು ವರ್ಷದ ಮಗ ಇದ್ದಾರೆ. "ಅತ್ತ ಹೋಗಬೇಡಿ ಎಂದು ಮಕ್ಕಳಿಗೆ ಹೇಳಿದರೆ ಸಾಕು" ಎನ್ನುವುದು ಹಿರಿಯರ ಅಭಿಪ್ರಾಯ. ಅವರ ಮನಸ್ಸು ನೋಯದಂತೆ ಏನು ಮಾಡಬಹುದು?

ಉತ್ತರ 1 (ಎರೆಹೊಲದ ರೈತ):
ತಂಗಿ, ಎರಡು ವರ್ಷದ ಮಗುವಿಗೆ ಹೇಳಿದ ಮಾತು ಬೇಲಿಯ ಕೆಲಸ ಮಾಡುವುದಿಲ್ಲ. ಇಂಥ ಹೊಂಡದಲ್ಲಿ ಆಳಕ್ಕಿಂತ ದೊಡ್ಡ ಅಪಾಯವಿರುವುದು ಇಳಿಜಾರಿನಲ್ಲಿ. ಕೆರೆಯಲ್ಲಾದರೆ ಕಾಲಿಗೆ ಮಣ್ಣು, ಕೈಗೆ ಜೊಂಡು ಸಿಗುತ್ತದೆ. ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರೂ ಮೇಲೇರಲಾರದೆ ಮತ್ತೆ ಮತ್ತೆ ಜಾರಿ ದಣಿಯುತ್ತಾರೆ, ಮಗುವನ್ನು ಎತ್ತಲೆಂದು ಇಳಿದವರೂ ಹಾಗೆಯೇ ಜೀವ ಕಳೆದುಕೊಳ್ಳುತ್ತಾರೆ.

ಕಂಬ ನೆಟ್ಟು, ಮಗು ನುಸುಳದಂತೆ ಜಾಲರಿಯನ್ನು ನೆಲಕ್ಕೆ ತಾಗಿಸಿ ಬಿಗಿಯಿರಿ. ಗೇಟಿಗೆ ಬೀಗವಿರಲಿ. ಪೈಪಿನ ಸುರುಳಿ, ಗೊಬ್ಬರದ ಚೀಲಗಳನ್ನು ಬೇಲಿಗೆ ಒತ್ತಿ ಇಡಬೇಡಿ, ಮಕ್ಕಳು ಅವುಗಳ ಮೇಲೆ ಹತ್ತುತ್ತಾರೆ. ನಾಲ್ಕೂ ದಂಡೆಗಳಲ್ಲಿ ಗಟ್ಟಿ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬಿಗೂ ಹಗ್ಗ ಕಟ್ಟಿ ಬೇಲಿಗೆ ತೂಗುಹಾಕಿ. ಕೃಷಿ ಭಾಗ್ಯದಲ್ಲಿ ಹೊಂಡದ ತಂತಿ ಬೇಲಿಯೂ ಒಂದು ಘಟಕ, ಆದ್ದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕರು, ಕುರಿಗಳೂ ಬೀಳುತ್ತವೆ ಎಂಬುದರಿಂದ ಮಾತು ಆರಂಭಿಸಿದರೆ ಮಾವನವರು ಬೇಗ ಒಪ್ಪಬಹುದು.

ಉತ್ತರ 2 (ಶುಶ್ರೂಷಕಿ):
ಮುಳುಗುವ ಮಗು ಕೂಗಿ ಕರೆಯುತ್ತದೆ ಎಂದು ನಂಬಬೇಡಿ. ಬಾಯಿ ನೀರೊಳಗಿದ್ದಾಗ ಉಸಿರಿಗೇ ಅವಕಾಶವಿಲ್ಲ, ಕೂಗು ಎಲ್ಲಿಂದ ಬರಬೇಕು? ಮಗು ಕಾಣದಿದ್ದರೆ ಮೊದಲು ನೀರಿನ ಕಡೆಗೇ ಓಡಿ. ಬಚ್ಚಲಿನ ಬಕೆಟ್ಟೂ ಅಪಾಯಕಾರಿ: ಎರಡು ವರ್ಷದ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರವಾಗಿರುವುದರಿಂದ, ಬಗ್ಗಿ ಮಗುಚಿದರೆ ತಾನಾಗಿ ಏಳಲಾರದು.

ಮಗುವನ್ನು ಮೇಲೆತ್ತಿದ ಮೇಲೆ ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಖಂಡಿತ ಬೇಡ. ಅದರಿಂದ ಅಮೂಲ್ಯ ಸಮಯ ಹಾಳಾಗುತ್ತದೆ. ಉಸಿರಾಟ ನಿಂತಿದ್ದರೆ ಗಲ್ಲ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು 5 ಸಲ ಉಸಿರು ಕೊಡಿ. ಬಳಿಕ ಎದೆಯ ನಡುವೆ 30 ಸಲ ಒತ್ತಿ, 2 ಸಲ ಉಸಿರು ಕೊಡುವುದನ್ನು ಮುಂದುವರಿಸಿ. ಜೊತೆಯಲ್ಲಿರುವವರು 108ಕ್ಕೆ ಕರೆ ಮಾಡಲಿ. ಇದನ್ನು ಓದಿ ತಿಳಿದರೆ ಸಾಲದು, ಬಲ್ಲವರ ಮುಂದೆ ಕೈಯಾರೆ ಅಭ್ಯಾಸ ಮಾಡಬೇಕು.

ಉತ್ತರ 3 (ಅಂಗನವಾಡಿ ಕಾರ್ಯಕರ್ತೆ):
ಬೇಲಿ ಕಟ್ಟಿದ ಮೇಲೂ ಉಳಿಯುವ ಪ್ರಶ್ನೆ, ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದು. ಮನೆ ತುಂಬ ಜನರಿರುವಾಗಲೇ ಒಬ್ಬರು ಇನ್ನೊಬ್ಬರ ಮೇಲೆ ಭರವಸೆಯಿಟ್ಟು ಮಗುವನ್ನು ಮರೆಯುತ್ತಾರೆ. "ಈಗ ಪಾಪು ನಿನ್ನ ಹತ್ತಿರ" ಎಂದು ಬಾಯಿಬಿಟ್ಟು ಹೇಳಿ, ಒಪ್ಪಿಕೊಂಡ ಮೇಲೆ ಮಾತ್ರ ಎದ್ದುಹೋಗಿ. ಆ ಹೊಣೆಯನ್ನು ಆರು ವರ್ಷದ ಅಣ್ಣನಿಗೆ ವಹಿಸಬೇಡಿ. ಅವನಿಗೆ ಈಜು ಕಲಿಸುವ ವಯಸ್ಸು ಇದು, ಆದರೆ ಹೊಂಡದಲ್ಲಿ ಕಲಿಸಬಾರದು.

ಬಿತ್ತನೆ, ಕಟಾವಿನ ದಿನಗಳಲ್ಲಿ ಮಗುವನ್ನು ಹೊಲಕ್ಕೆ ಒಯ್ಯದೆ ಊರಲ್ಲೇ ಬಿಡುವುದು ಒಳ್ಳೆಯದು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳು ಆರಂಭವಾಗಿವೆ. ನಿಮ್ಮ ಊರಿನಲ್ಲಿದೆಯೇ, ಮಗುವನ್ನು ಸೇರಿಸಿಕೊಳ್ಳುವರೇ ಎಂದು ಪಂಚಾಯಿತಿಯಲ್ಲಿ ಕೇಳಿ.